ಎರಡು ಕೋಲು, ಒಂದು ಸೊನ್ನೆ: ಮಕ್ಕಳ ಜೊತೆ ಕಡಲ ದಂಡೆ ಅಳೆದ ನನ್ನ ಅನುಭವ

ಜೂನ್ 8 ವಿಶ್ವ ಸಾಗರ ದಿನ. ನಮ್ಮ ಕರಾವಳಿಯ ಮಟ್ಟಿಗೆ ಇಷ್ಟು ಅನನುಕೂಲದ ದಿನ ಇನ್ನೊಂದಿಲ್ಲ. ಶಾಲೆ ಆಗಷ್ಟೇ ಶುರುವಾಗಿರುತ್ತದೆ, ಪಠ್ಯಪುಸ್ತಕ ಅರ್ಧ ಬಂದಿರುತ್ತದೆ, ಮಳೆ ಹಿಡಿದಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಮಲ್ಪೆ ಬಂದರಿನಲ್ಲಿ ಬೋಟುಗಳು ಒತ್ತೊತ್ತಾಗಿ ನಿಂತಿರುತ್ತವೆ. ದಂಡೆಗೆ ಹೋಗಬೇಡಿ ಎಂದು ಮೈಕಿನಲ್ಲಿ ಹೇಳುವ ದಿನಗಳು ಅವು. ಹಾಗಾಗಿ ಸಾಗರ ದಿನವನ್ನು ತರಗತಿಯ ಒಳಗೆ ಕುಳಿತು ಆಚರಿಸುತ್ತೇವೆ: ಒಂದು ಭಾಷಣ ಸ್ಪರ್ಧೆ, ಒಂದು ಚಿತ್ರಕಲೆ ಸ್ಪರ್ಧೆ. ಮಕ್ಕಳು ಡಾಲ್ಫಿನ್ ಬಿಡಿಸುತ್ತಾರೆ, ತಿಮಿಂಗಿಲ ಬಿಡಿಸುತ್ತಾರೆ, ಹವಳದ ದಿಬ್ಬ ಬಿಡಿಸುತ್ತಾರೆ. ದಿನಾ ಊಟಕ್ಕೆ ತಿನ್ನುವ ಬಂಗುಡೆಯನ್ನು ಬಿಡಿಸಿದ ಮಗುವನ್ನು ನಾನಂತೂ ಕಂಡಿಲ್ಲ.

ನಾನು ಉಡುಪಿ ಜಿಲ್ಲೆಯ ಕಡಲ ಬದಿಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವಳು. ಆಟದ ಮೈದಾನದಲ್ಲಿ ನಿಂತರೆ ತೆರೆಯ ಸದ್ದು ಕೇಳುತ್ತದೆ. ಮಕ್ಕಳಲ್ಲಿ ಬಹುಪಾಲು ಮೀನುಗಾರರ ಮನೆಯವರು. ಭಾರತ ಮೂವರನ್ನು 6000 ಮೀಟರ್ ಆಳಕ್ಕೆ ಇಳಿಸಲು ‘ಮತ್ಸ್ಯ 6000’ ಎಂಬ ಜಲಾಂತರ ವಾಹನ ಕಟ್ಟುತ್ತಿದೆ ಎಂಬುದು ಅವರಿಗೆ ಗೊತ್ತು, ರಸಪ್ರಶ್ನೆಯಲ್ಲಿ ಬರುತ್ತದೆ. ಮಲ್ಪೆ ಎದುರಿನ ಸೈಂಟ್ ಮೇರೀಸ್ ದ್ವೀಪದ ಆಚೆ ಕಡಲು ಎಷ್ಟು ಆಳ ಎಂದು ಕೇಳಿದರೆ ಯಾರಿಗೂ ಗೊತ್ತಿರಲಿಲ್ಲ. ಮನೆಯಲ್ಲಿ ಅಜ್ಜನಿಗೆ ಅದು ಮಾರಿನ ಲೆಕ್ಕದಲ್ಲಿ ಬಾಯಿಗೆ ಬರುತ್ತಿತ್ತು. ವಿಶ್ವಸಂಸ್ಥೆ 2021ರಿಂದ 2030ರವರೆಗಿನ ಹತ್ತು ವರ್ಷವನ್ನು ಸಾಗರ ವಿಜ್ಞಾನದ ದಶಕ ಎಂದು ಸಾರಿದೆ. ಅದರ ಹೆಸರಿನಲ್ಲಿ ನಡೆದ ಒಂದೆರಡು ಕಾರ್ಯಾಗಾರಗಳಿಗೆ ನಾನೂ ಹೋಗಿ ಕೂತು, ಚೀಲ ಮತ್ತು ಪೆನ್ನು ಪಡೆದು ಬಂದವಳೇ. ಅಲ್ಲಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಆದರೆ ನಾಳೆ ಬೆಳಿಗ್ಗೆ ಎಂಟನೇ ತರಗತಿಯನ್ನು ಕರೆದುಕೊಂಡು ಹೋಗಿ ಏನು ಮಾಡಲಿ ಎಂಬುದಕ್ಕೆ ಅಲ್ಲಿ ಉತ್ತರ ಸಿಗಲಿಲ್ಲ.

ಕೊನೆಗೆ ನಾನು ಹಿಡಿದದ್ದು ಕಡಲ್ಕೊರೆತವನ್ನು.

ಯಾಕೆಂದರೆ ಅದು ನಮ್ಮ ಊರಿನಲ್ಲಿ ಪ್ರತಿ ಮಳೆಗಾಲದ ಸುದ್ದಿ. ಜುಲೈಯಲ್ಲಿ ತೆಂಗಿನಮರ ಬೀಳುತ್ತದೆ, ರಸ್ತೆಯ ಅಂಚು ಕುಸಿಯುತ್ತದೆ, ಪತ್ರಿಕೆಯಲ್ಲಿ ಫೋಟೋ ಬರುತ್ತದೆ, ಜನಪ್ರತಿನಿಧಿಗಳು ಕೊಡೆ ಹಿಡಿದು ಬಂದು ನೋಡುತ್ತಾರೆ, ಲಾರಿಯಲ್ಲಿ ಕಲ್ಲು ಬಂದು ಬೀಳುತ್ತದೆ. ಅದೇ ಜಾಗದ ಫೋಟೋವನ್ನು ಫೆಬ್ರವರಿಯಲ್ಲಿ ಯಾರೂ ತೆಗೆಯುವುದಿಲ್ಲ. ಮಳೆಗಾಲದ ಕಡಿದಾದ, ಒಂದರ ಹಿಂದೆ ಒಂದು ಬರುವ ತೆರೆಗಳು ದಂಡೆಯ ಮರಳನ್ನು ಎಳೆದು ಸ್ವಲ್ಪ ಆಚೆ, ನೀರಿನ ಅಡಿಯಲ್ಲಿ ದಿಬ್ಬವಾಗಿ ಇಡುತ್ತವೆ. ಸೆಪ್ಟೆಂಬರ್ ಕಳೆದ ಮೇಲೆ ಉದ್ದನೆಯ, ಶಾಂತವಾದ ತೆರೆಗಳು ಅದನ್ನೇ ನಿಧಾನಕ್ಕೆ ಮೇಲೆ ತಳ್ಳುತ್ತವೆ. ನಮ್ಮ ಒಬ್ಬ ವಿದ್ಯಾರ್ಥಿನಿಯ ತಾಯಿ, ಮೀನು ಮಾರುವವರು, ಇದನ್ನು ನನಗಿಂತ ಚೆನ್ನಾಗಿ ಹೇಳಿದರು: “ಆಟಿಯಲ್ಲಿ ಮದುಮಗಳು ತವರಿಗೆ ಹೋಗುವುದಿಲ್ವಾ ಟೀಚರೇ, ಹೊಯಿಗೆಯೂ ಹಾಗೆಯೇ. ಸೋಣ ಕಳೆದ ಮೇಲೆ ಬರ್ತದೆ.” ಆಟಿ, ಸೋಣ ಮಳೆಗಾಲದ ತುಳು ತಿಂಗಳುಗಳು; ಹೊಯಿಗೆ ಅಂದರೆ ಮರಳು. ಪ್ರಶ್ನೆ ಇರುವುದು, ಹೋದದ್ದು ಪೂರ್ತಿ ಬರುತ್ತದೆಯೇ ಎಂಬುದರಲ್ಲಿ. ಬಂದರೆ ಅದು ಋತುವಿನ ಉಸಿರಾಟ. ಬರದಿದ್ದರೆ ನಿಜವಾದ ನಷ್ಟ. ಎರಡಕ್ಕೂ ಮದ್ದು ಬೇರೆ. ಜುಲೈಯ ಒಂದು ಫೋಟೋದಿಂದ ಇದು ತಿಳಿಯುವುದಿಲ್ಲ. ಒಂದೇ ಜಾಗವನ್ನು, ಒಂದೇ ರೀತಿಯಲ್ಲಿ, ವರ್ಷವಿಡೀ ಅಳೆಯಬೇಕು. ಇದಕ್ಕೆ ಹಡಗು ಬೇಡ, ಉಪಗ್ರಹ ಬೇಡ. ಆ ಊರಿನಲ್ಲಿಯೇ ಇರುವವರು ಬೇಕು. ನಮ್ಮ ಮಕ್ಕಳು ಅಲ್ಲಿಯೇ ಇದ್ದಾರೆ.

ದಂಡೆಯ ಇಳಿಜಾರು ಅಳೆಯಲು ಎಮೆರಿ ವಿಧಾನ ಅಂತ ಒಂದಿದೆ. ಕೆ. ಒ. ಎಮೆರಿ ಎಂಬ ಅಮೆರಿಕದ ಸಾಗರ ಭೂವಿಜ್ಞಾನಿ 1961ರಲ್ಲಿ ಬರೆದದ್ದು. ಎರಡು ಸಮಾನ ಎತ್ತರದ ಕೋಲು ಮತ್ತು ದಿಗಂತ, ಇಷ್ಟೇ ಅದರ ಸಲಕರಣೆ. ಇಷ್ಟು ಅಗ್ಗದ ವಿಜ್ಞಾನ ಇದೆಯೆಂದು ಗೊತ್ತಾದಾಗ ನನಗೆ ಖುಷಿಗಿಂತ ಸಿಟ್ಟೇ ಹೆಚ್ಚು ಬಂತು. ಕಡಲ ಬದಿಯಲ್ಲಿ ಓದಿ, ಕಡಲ ಬದಿಯಲ್ಲಿಯೇ ಕಲಿಸುತ್ತಿದ್ದ ನನಗೆ ಇದನ್ನು ಯಾರೂ ಹೇಳಿರಲಿಲ್ಲ.

ಕೋಲು ಮಾಡಿದ ರೀತಿ ಹೇಳುತ್ತೇನೆ, ಬೇರೆ ಶಾಲೆಯವರು ಕೇಳುವುದು ಇದನ್ನೇ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಸಿಗುವ ಪಿವಿಸಿ ಪೈಪಿನ ಎರಡು ತುಂಡು, ಒಂದೊಂದು ಒಂದೂವರೆ ಮೀಟರ್. ದರ್ಜಿಯವರ ಅಳತೆ ಟೇಪು ಸರಿಯಾಗಿ 150 ಸೆಂಟಿಮೀಟರ್ ಇರುತ್ತದೆ. ಅದನ್ನು ಸೊನ್ನೆ ಮೇಲೆ ಬರುವ ಹಾಗೆ ಪೈಪಿಗೆ ಅಂಟಿಸಿ, ಮೇಲಿನಿಂದ ಪಾರದರ್ಶಕ ಪ್ಯಾಕಿಂಗ್ ಟೇಪು ಸುತ್ತಿದರೆ ಉಪ್ಪುನೀರಿಗೆ ಅಂಕಿ ಅಳಿಯುವುದಿಲ್ಲ. ಅಡಿಗೆ ಅಗಲದ ಮುಚ್ಚಳ ಹಾಕಬೇಕು, ಇಲ್ಲದಿದ್ದರೆ ಹಸಿ ಮರಳಿನಲ್ಲಿ ಕೋಲು ಇಳಿದುಹೋಗುತ್ತದೆ. ಎರಡು ಕೋಲುಗಳ ನಡುವಿನ ದೂರಕ್ಕೆ ಹಗ್ಗ ಕಟ್ಟುವುದು ಎಮೆರಿಯ ಕ್ರಮ. ನೈಲಾನ್ ಹಗ್ಗ ಒದ್ದೆಯಾದರೆ ಹಿಗ್ಗುತ್ತದೆ ಎಂದು ಬಲೆ ಹೆಣೆಯುವ ಮನೆಯ ಹುಡುಗನೇ ಹೇಳಿದ. ಅದಕ್ಕೆ ನಾವು ಎರಡು ಮೀಟರಿನ ಇನ್ನೊಂದು ಪೈಪನ್ನೇ ನೆಲದ ಮೇಲೆ ಅಡ್ಡ ಇಡುತ್ತೇವೆ.

ನಮ್ಮ ಮೊದಲ ದಿನ ಬಲೆ ಸರಿಮಾಡುತ್ತ ಕುಳಿತಿದ್ದ ಹಿರಿಯರೊಬ್ಬರು ದರ್ಜಿಯ ಟೇಪು ನೋಡಿ, “ಎಂತ ಟೀಚರೇ, ಕಡಲಿಗೆ ಅಂಗಿ ಹೊಲಿಸ್ಲಿಕ್ಕುಂಟಾ?” ಎಂದರು. ದಂಡೆಯ ಮೇಲಿದ್ದವರೆಲ್ಲ ನಕ್ಕರು. ಅವರೇ ಆಮೇಲೆ ನಮ್ಮ ಕಾಯಂ ಕಾವಲುಗಾರರಾದರು.

ಅಳೆಯುವ ಕ್ರಮ ಹೀಗೆ. ದಡದ ಕಡೆಯ ಕೋಲನ್ನು ಒಬ್ಬ ನೆಟ್ಟಗೆ ಹಿಡಿಯುತ್ತಾನೆ, ಎರಡು ಮೀಟರ್ ಮುಂದೆ ಕಡಲ ಕಡೆಯ ಕೋಲನ್ನು ಇನ್ನೊಬ್ಬಳು. ಹಿಂದಿನ ಕೋಲಿನ ಬೆನ್ನಿಗೆ ಕುಕ್ಕರುಗಾಲಲ್ಲಿ ಕುಳಿತವರು ಒಂದು ಕಣ್ಣು ಮುಚ್ಚಿ, ಮುಂದಿನ ಕೋಲಿನ ತುದಿ ಮತ್ತು ದಿಗಂತದ ಗೆರೆ ಒಂದಾಗುವ ತನಕ ತಲೆ ಮೇಲೆ ಕೆಳಗೆ ಮಾಡಬೇಕು. ಎರಡೂ ಕೂಡಿದಾಗ ಆ ನೋಟದ ಗೆರೆ ಹಿಂದಿನ ಕೋಲನ್ನು ಎಲ್ಲಿ ಕಡಿಯುತ್ತದೆಯೋ ಅಲ್ಲಿಯ ಅಂಕಿ ಓದಬೇಕು. ಹನ್ನೆರಡು ಎಂದಿದ್ದರೆ ಆ ಎರಡು ಮೀಟರಿನಲ್ಲಿ ನೆಲ ಹನ್ನೆರಡು ಸೆಂಟಿಮೀಟರ್ ತಗ್ಗಿದೆ ಎಂದರ್ಥ. ನೆಲ ಏರಿದ್ದರೆ ಕೆಲಸ ತಿರುಗುಮುರುಗು: ಹಿಂದಿನ ಕೋಲಿನ ತುದಿಯಿಂದ ದಿಗಂತ ನೋಡಿ ಮುಂದಿನ ಕೋಲಿನ ಅಂಕಿ ಓದಬೇಕು, ಲೆಕ್ಕದಲ್ಲಿ ಕೂಡಿಸಬೇಕು. ಮತ್ತೆ ಹಿಂದಿನ ಕೋಲು ಮುಂದಿನದರ ಜಾಗಕ್ಕೆ, ಮುಂದಿನದು ಇನ್ನೂ ಎರಡು ಮೀಟರ್ ಮುಂದಕ್ಕೆ. ಒದ್ದೆ ಮರಳಿನ ಅಂಚಿನವರೆಗೆ.

ತೆರೆಯ ಸದ್ದಿನಲ್ಲಿ ‘ಏಳು’ ಮತ್ತು ‘ಏಳೂವರೆ’ ಒಂದೇ ಆಗುತ್ತದೆ. ಅದಕ್ಕೆ ಓದಿದವರು ಕೂಗಬೇಕು, ಬರೆಯುವವರು ಅದನ್ನೇ ತಿರುಗಿ ಕೂಗಿ ಆಮೇಲೆ ಬರೆಯಬೇಕು. ಪೆನ್ಸಿಲ್ಲಿನಲ್ಲಿ ಮಾತ್ರ; ಪೆನ್ನಿನ ಶಾಯಿ ಒಂದು ಹನಿಗೆ ಹರಡುತ್ತದೆ. ತಪ್ಪಿದ ಅಂಕಿಯನ್ನು ಉಜ್ಜಿ ಅಳಿಸುವಂತಿಲ್ಲ, ಒಂದು ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು. ಈ ಕೊನೆಯ ನಿಯಮ ಮಕ್ಕಳಿಗೆ ಒಗ್ಗಲು ಎಷ್ಟೋ ಕಾಲ ಹಿಡಿಯಿತು. ಅಂದದ ಪುಸ್ತಕಕ್ಕೆ ಮಾರ್ಕು ಕೊಟ್ಟು ಕೊಟ್ಟು ನಾವೇ ಅವರನ್ನು ಹಾಗೆ ಮಾಡಿಟ್ಟಿದ್ದೇವೆ.

ಒಂದು ದಿನ ಒಬ್ಬ ಹುಡುಗ ಕೇಳಿದ: “ಟೀಚರ್, ಭೂಮಿ ಗುಂಡಗಿದೆಯಲ್ಲ, ಹಾಗಾದರೆ ದಿಗಂತ ನಮ್ಮ ಕಣ್ಣಿಗಿಂತ ಕೆಳಗೆ ಇರಬೇಕಲ್ಲ?” ಇರಬೇಕು, ಇದೆ. ಒಂದೂವರೆ ಮೀಟರ್ ಎತ್ತರದ ಕಣ್ಣಿಗೆ ಎರಡು ಮೀಟರಿನಲ್ಲಿ ಆಗುವ ವ್ಯತ್ಯಾಸ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಇಡೀ ದಂಡೆಯ ಅಗಲಕ್ಕೆ ಕೂಡಿಸಿದರೆ ಕೆಲವು ಸೆಂಟಿಮೀಟರ್ ಆಗಬಹುದು, ಇಳಿಜಾರು ಇದ್ದದ್ದಕ್ಕಿಂತ ಅಷ್ಟು ಕಡಿಮೆ ಕಾಣುತ್ತದೆ. ಆದರೆ ಪ್ರತಿ ಸಲವೂ ಅಷ್ಟೇ ತಪ್ಪು ಬರುವುದರಿಂದ ಒಂದು ತಿಂಗಳನ್ನು ಇನ್ನೊಂದರ ಜೊತೆ ಹೋಲಿಸಲು ಅಡ್ಡಿಯಿಲ್ಲ. ಆ ದಿನದ ಲೆಕ್ಕವನ್ನು ಹತ್ತನೆಯವರ ತ್ರಿಕೋನಮಿತಿ ತರಗತಿಗೂ ಕೊಟ್ಟೆ. ಹೆಡ್‌ಮಾಷ್ಟ್ರು ಅಪ್ಪಣೆ ಕೊಡುವಾಗ ಹಾಕಿದ್ದ ಷರತ್ತು ಎರಡೇ: “ಎಸ್‌ಎಸ್‌ಎಲ್‌ಸಿಯವರನ್ನು ಮುಟ್ಟಬಾರದು, ನೀರಿಗೆ ಒಬ್ಬರೂ ಇಳಿಯಬಾರದು.” ಹತ್ತನೆಯವರು ದಂಡೆಗೆ ಬರದೆಯೇ ಪಾಲುದಾರರಾದ ಹಾಗಾಯಿತು.

ಎರಡನೇ ಷರತ್ತಿನಲ್ಲಿ ನಾನು ಅವರಿಗಿಂತ ಕಟ್ಟುನಿಟ್ಟು. ಮಳೆಗಾಲದಲ್ಲಿ ಒದ್ದೆ ಗೆರೆಯಿಂದ ಹತ್ತು ಹೆಜ್ಜೆ ಹಿಂದೆಯೇ ಅಳತೆ ನಿಲ್ಲಿಸುತ್ತೇವೆ, ಮೀನುಗಾರರು ಇಬ್ಬರಾದರೂ ಜೊತೆಗಿಲ್ಲದೆ ಹೊರಡುವುದೇ ಇಲ್ಲ. ಆ ತಿಂಗಳುಗಳಲ್ಲಿ ಇನ್ನೊಂದು ತೊಂದರೆ: ಮೋಡ, ತುಂತುರು, ದಿಗಂತವೇ ಕಾಣುವುದಿಲ್ಲ. ಅದಕ್ಕೆ ಗಾರೆ ಮೇಸ್ತ್ರಿಗಳು ಗೋಡೆಯ ಮಟ್ಟ ನೋಡಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪನ್ನು ಎರಡು ಕೋಲಿಗೂ ಹಿಡಿದು ನೀರಿನ ಮಟ್ಟ ಓದುತ್ತೇವೆ. ನಿಧಾನದ ಕೆಲಸ, ಒಳಗೆ ಗಾಳಿಗುಳ್ಳೆ ಇರಬಾರದು. ಆದರೆ ದಿಗಂತಕ್ಕಿಂತ ನಿಖರ. ಸಮಯದ ಬಗ್ಗೆಯೂ ಒಂದು ಮಾತು. ಸಂಜೆ ನಮ್ಮ ಕಡಲಲ್ಲಿ ಸೂರ್ಯ ನೇರ ಕಣ್ಣಿಗೇ ಹೊಡೆಯುತ್ತಾನೆ, ಬೆಳಿಗ್ಗೆ ಬೆನ್ನಿಗಿರುತ್ತಾನೆ. ಆದ್ದರಿಂದ ಹೊಸ ಮಂಗಳೂರು ಬಂದರಿನ ಉಬ್ಬರ-ಇಳಿತದ ಪಟ್ಟಿ ನೋಡಿ, ಬೆಳಗಿನ ಹೊತ್ತು ಇಳಿತ ಸಿಗುವ ರಜಾದಿನ ಆರಿಸಿಕೊಳ್ಳುತ್ತೇವೆ.

ಎಲ್ಲಕ್ಕಿಂತ ಮುಖ್ಯವಾದದ್ದು ಆರಂಭದ ಬಿಂದು. ಪ್ರತಿ ಸಲ ಅಳತೆ ಶುರುವಾಗಬೇಕಾದ್ದು ಅಲುಗಾಡದ ಒಂದು ಗುರುತಿನಿಂದ. ದಂಡೆಯ ಮೇಲೆ ಅಲುಗಾಡದ್ದು ಯಾವುದಿದೆ? ತೆಂಗಿನಮರ ಬೀಳುತ್ತದೆ, ಕಾಂಪೌಂಡು ಒಡೆಯುತ್ತದೆ, ವಿದ್ಯುತ್ ಕಂಬವನ್ನು ಬದಲಿಸುತ್ತಾರೆ. ಕೊನೆಗೆ ಸಿಕ್ಕಿದ್ದು ಮೀನುಗಾರರ ದೈವ ಬೊಬ್ಬರ್ಯನ ಗುಡಿಯ ಮುರಕಲ್ಲಿನ ಕೆಳಗಿನ ಮೆಟ್ಟಿಲು. ಊರಿನ ಮುಖ್ಯಸ್ಥರಾದ ಗುರಿಕಾರರನ್ನು ಕೇಳಿ, ಅವರು ಒಪ್ಪಿದ ಮೇಲೆ, ಮೆಟ್ಟಿಲಿನ ಬದಿಗೆ ಕಾಣದ ಹಾಗೆ ಬಿಳಿ ಪೇಂಟಿನ ಒಂದು ಚುಕ್ಕಿ ಹಾಕಿದೆವು. ಅದು ನಮ್ಮ ಸೊನ್ನೆ. ಒಂದೇ ಗುರುತನ್ನು ನಂಬಬಾರದೆಂದು ನೀರಿನ ಟ್ಯಾಂಕಿನ ಕಾಲಿಗೂ ಶಾಲೆಯ ಧ್ವಜಕಟ್ಟೆಗೂ ಅದರಿಂದ ಎಷ್ಟು ದೂರ, ಎಷ್ಟು ಎತ್ತರ ಎಂದು ಬರೆದಿಟ್ಟೆವು. ಅಳೆಯುವ ಗೆರೆಗಳು ಮೂರು. ತೆಂಕಿನದ್ದು ಹಳೆಯ ಕಲ್ಲಿನ ತಡೆಗೋಡೆಯ ಎದುರು, ನಡುವಿನದ್ದು ಗೋಡೆ ಮುಗಿಯುವಲ್ಲಿ, ಬಡಗಿನದ್ದು ದಡದಿಂದಲೇ ಬಲೆ ಎಳೆಯುವ ಕೈರಂಪಣಿಯವರು ದೋಣಿಗಳನ್ನು ಎಳೆದಿಡುವ ಬಯಲಿನಲ್ಲಿ.

ಈ ಸೊನ್ನೆಯನ್ನು ಸರಾಸರಿ ಸಮುದ್ರ ಮಟ್ಟಕ್ಕೆ ಕಟ್ಟಿಹಾಕಬೇಕೆಂದು ಹೇಳಿದ್ದು ಸಿವಿಲ್ ಡಿಪ್ಲೊಮಾ ಕಲಿಸುವ ನನ್ನ ಗೆಳತಿ. ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಸಮುದ್ರ ಮಟ್ಟದಿಂದ ಇಷ್ಟು ಎತ್ತರ ಎಂದು ಬರೆದಿರುತ್ತದಲ್ಲ, ಆ ಮಟ್ಟವೇ. ಬ್ರಿಟಿಷರ ಕಾಲದಲ್ಲಿ ಒಂಬತ್ತು ಬಂದರುಗಳಲ್ಲಿ ಉಬ್ಬರ-ಇಳಿತ ಅಳೆದು ದೇಶಕ್ಕೆಲ್ಲ ಒಂದು ಮಟ್ಟ ನಿಗದಿ ಮಾಡಿದರು. ಅವುಗಳಲ್ಲಿ ನಮ್ಮ ಕಾರವಾರವೂ ಒಂದು. ಗೆಳತಿಯ ವಿದ್ಯಾರ್ಥಿಗಳು ಆಟೋ ಲೆವೆಲ್ (ಮಟ್ಟ ನೋಡುವ ದುರ್ಬೀನು) ಮತ್ತು ಸ್ಟಾಫ್ (ಅಂಕಿ ಬರೆದ ಅಳತೆಕೋಲು) ಹೊತ್ತು ಬಂದು, ಎತ್ತರ ಮೊದಲೇ ಗೊತ್ತಿರುವ ಹತ್ತಿರದ ಸರ್ವೆ ಗುರುತಿನಿಂದ ಗುಡಿಯ ಮೆಟ್ಟಿಲಿನವರೆಗೆ ರಸ್ತೆಯುದ್ದಕ್ಕೂ ಮಟ್ಟ ತಂದರು. ಅವರಿಗೆ ಅದು ಪ್ರಾಕ್ಟಿಕಲ್, ನಮಗೆ ಅದು ಚಿನ್ನ. ಆವತ್ತು ಊಟಕ್ಕೆ ನೀರುದೋಸೆ, ಬಂಗುಡೆ ಪುಳಿಮುಂಚಿ ಮಾಡಿಸಿದ್ದನ್ನು ಬಿಟ್ಟರೆ ನಮಗೆ ಖರ್ಚಿಲ್ಲ.

ಇದರ ಜೊತೆಗೆ ನೀರನ್ನೂ ನೋಡುತ್ತೇವೆ, ಅದು ಹೆಚ್ಚಿನ ಕೆಲಸವಲ್ಲ. ಥರ್ಮಾಮೀಟರ್ ಶಾಲೆಯದ್ದೇ. ಉಪ್ಪಿನಂಶ ನೋಡುವ ರಿಫ್ರಾಕ್ಟೋಮೀಟರನ್ನು ಸಿಗಡಿ ಕೆರೆ ಮಾಡಿದವರೊಬ್ಬರು ಕೊಟ್ಟರು. ಒಂದು ಹನಿ ಹಾಕಿ ಬೆಳಕಿಗೆ ಹಿಡಿದರೆ ಅಂಕಿ ಕಾಣುತ್ತದೆ. ಕಡಲ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಭಾಗ ಉಪ್ಪು. ಮಳೆಗಾಲದಲ್ಲಿ ಅಳಿವೆಯ ಒಳಗೆ ಅದು ಸೊನ್ನೆಯ ಹತ್ತಿರ ಇಳಿಯುತ್ತದೆ, ಏಪ್ರಿಲಿನಲ್ಲಿ ಉಪ್ಪು ಹೊಳೆಯ ಮೇಲಕ್ಕೆ ಏರುತ್ತದೆ. ಉಪ್ಪುನೀರು ತಡೆಯುವ ಕಿಂಡಿ ಅಣೆಕಟ್ಟಿನ ಹಲಗೆ ಸರಿಯಾಗಿ ಕೂರದಿದ್ದರೆ ಮಟ್ಟುಗುಳ್ಳ ಬದನೆ ಬೆಳೆಯುವವರ ಗದ್ದೆಗೆ ಏನಾಗುತ್ತದೆ ಎಂಬುದು ಮಕ್ಕಳಿಗೆ ಆ ಹನಿಯಲ್ಲಿಯೇ ಅರ್ಥವಾಗುತ್ತದೆ. 2020ರ ನವೆಂಬರಿನಲ್ಲಿ ಪಡುಬಿದ್ರಿ ಕಡೆಯ ತೆರೆಗಳು ರಾತ್ರಿ ನೀಲಿಯಾಗಿ ಹೊಳೆದು ಜನ ಕಾರು ಮಾಡಿಕೊಂಡು ನೋಡಲು ಹೋಗಿದ್ದರು. ಅದು ನಾಕ್ಟಿಲುಕ ಎಂಬ ಸೂಕ್ಷ್ಮಜೀವಿಯ ಕೆಲಸ. ಅಂಥದ್ದೊಂದು ಕಂಡರೆ ಈಗ ನಮ್ಮ ಮಕ್ಕಳು ಮೊಬೈಲಿನ ಜೊತೆ ಒಂದು ಬಾಟಲಿಯನ್ನೂ ಒಯ್ಯುತ್ತಾರೆ.

ಮೀನುಗಾರರ ತಿಳಿವಳಿಕೆಯನ್ನು ‘ಸಾಂಪ್ರದಾಯಿಕ ಜ್ಞಾನ’ ಎಂದು ಕರೆದು ಒಂದು ಶಾಲು ಹೊದಿಸಿ ಕಳಿಸುವ ಅಭ್ಯಾಸ ನಮ್ಮಲ್ಲಿದೆ. ನನಗದು ಹಿಡಿಸುವುದಿಲ್ಲ. ಅವರು ಹೇಳುವುದನ್ನು ಪರೀಕ್ಷೆಗೆ ಒಡ್ಡುವುದೇ ಅವರಿಗೆ ಕೊಡುವ ಗೌರವ. ಹಿರಿಯ ಕೈರಂಪಣಿಯವರು ನೀರಿನ ಬಣ್ಣ, ಹಕ್ಕಿ ಇಳಿಯುವ ಜಾಗ, ಕೈಗೆ ತಾಗುವ ತಂಪು ನೋಡಿ ಮೀನಿನ ಗುಂಪು ಹೇಳುತ್ತಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಉಪಗ್ರಹದಿಂದ ಕಡಲ ಮೇಲ್ಮೈಯ ಉಷ್ಣತೆ ಮತ್ತು ಹರಿತ್ತು (ಪಾಚಿಯ ಹಸಿರು) ನೋಡಿ ಮೀನು ಸಿಗಬಹುದಾದ ವಲಯದ ಮುನ್ಸೂಚನೆ ಕೊಡುತ್ತದೆ, ಅದು ಬೋಟಿನವರ ಮೊಬೈಲಿಗೆ ಬರುತ್ತದೆ. ಮುಂಗಾರಿನ ಹೊತ್ತಿಗೆ ನಮ್ಮ ಕರಾವಳಿಯಲ್ಲಿ ಅಡಿಯ ತಣ್ಣನೆಯ, ಪೋಷಕಾಂಶ ತುಂಬಿದ ನೀರು ಮೇಲಕ್ಕೆ ಬರುತ್ತದೆ; ಅದರಿಂದ ಪಾಚಿ, ಪಾಚಿಯಿಂದ ಬೂತಾಯಿ ಮೀನು. ಅಂದರೆ ಅಜ್ಜನ ಕೈಗೆ ತಾಗಿದ ತಂಪು ಮತ್ತು ಉಪಗ್ರಹದ ಉಷ್ಣತೆಯ ನಕ್ಷೆ ಒಂದೇ ವಿಷಯ ಹೇಳುತ್ತಿವೆ. ಮಕ್ಕಳು ಎರಡನ್ನೂ ಒಂದೇ ಪುಟದಲ್ಲಿ ಬರೆದು, ಆ ದಿನ ಬಂದರಿಗೆ ಬಂದದ್ದೇನು ಎಂದು ಮೂರನೇ ಸಾಲು ಸೇರಿಸುತ್ತಾರೆ. ಕೆಲವೊಮ್ಮೆ ಅಜ್ಜ ಸರಿ, ಕೆಲವೊಮ್ಮೆ ಮೊಬೈಲು ಸರಿ, ಕೆಲವೊಮ್ಮೆ ಇಬ್ಬರೂ ಬರಿಗೈ.

ಬೂತಾಯಿಯ ಲೆಕ್ಕವೇ ಒಂದು ದೊಡ್ಡ ಪಾಠ. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು ನಾಲ್ಕು ಲಕ್ಷ ಟನ್ ಬೂತಾಯಿ ಸಿಕ್ಕಿತ್ತು. 2021ರಲ್ಲಿ ಬರೀ 3,297 ಟನ್. ಇದು ಗೊತ್ತಾದದ್ದು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ದಶಕಗಳಿಂದ ಬಂದರು ಬಂದರಿಗೆ ಹೋಗಿ ಮೀನು ಲೆಕ್ಕ ಹಾಕಿದ್ದರಿಂದ. ಮಲ್ಪೆಯಲ್ಲಿ ಪುಸ್ತಕ ಹಿಡಿದು ಬುಟ್ಟಿಗಳ ನಡುವೆ ಓಡಾಡುವವರನ್ನು ಮಕ್ಕಳು ಮೊದಲೂ ನೋಡಿದ್ದರು, ಏಜೆಂಟರು ಎಂದುಕೊಂಡಿದ್ದರು.

ನೀತಿಯ ವಿಷಯಕ್ಕೆ ಬರುತ್ತೇನೆ. ಇದನ್ನು ತರಗತಿಯಲ್ಲಿ ಕಲಿಸುವುದು ವಿಜ್ಞಾನಕ್ಕಿಂತ ಕಷ್ಟ, ಯಾಕೆಂದರೆ ಪ್ರತಿಯೊಂದು ನಿಯಮದ ಹಿಂದೆಯೂ ಯಾರದೋ ಮನೆಯ ಅನ್ನವಿದೆ. ದಡದಿಂದ 12 ನಾಟಿಕಲ್ ಮೈಲಿನವರೆಗೆ ಮೀನುಗಾರಿಕೆ ರಾಜ್ಯದ ಹೊಣೆ, ಅದಕ್ಕೆ 1986ರ ಕರ್ನಾಟಕ ಕಡಲ ಮೀನುಗಾರಿಕೆ ನಿಯಂತ್ರಣ ಕಾಯ್ದೆ ಇದೆ. ಅದರಾಚೆ 200 ಮೈಲಿನವರೆಗೆ ಕೇಂದ್ರದ್ದು. 2017ರಲ್ಲಿ ಕೇಂದ್ರ ಸರಕಾರ ಬೆಳಕು ಹಾಕಿ ಮೀನು ಹಿಡಿಯುವುದನ್ನು, ಎರಡು ಬೋಟು ಸೇರಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗನ್ನು ನಿಷೇಧಿಸಿತು. ನನ್ನ ಒಂದೇ ಬೆಂಚಿನಲ್ಲಿ ನಾಡದೋಣಿಯವರ ಮಗಳು, ಟ್ರಾಲ್ ಬೋಟಿನ ತಾಂಡೇಲರ (ಬೋಟು ನಡೆಸುವವರ) ಮಗ, ಸುತ್ತುಬಲೆಯ ಪರ್ಸೀನ್ ಬೋಟಿನಲ್ಲಿ ಪಾಲಿಗೆ ದುಡಿಯುವವರ ಮಗ ಕೂತಿರುತ್ತಾರೆ. ಭಾಷಣ ಮಾಡಿ ಒಂದು ಪಕ್ಷ ಹಿಡಿದರೆ ಇನ್ನಿಬ್ಬರು ಕಿವಿ ಮುಚ್ಚಿಕೊಳ್ಳುತ್ತಾರೆ. ಅದಕ್ಕೆ ಅಣಕು ಗ್ರಾಮಸಭೆ ಮಾಡಿದೆವು. ನಿಯಮ ಒಂದೇ: ಯಾರೂ ತಮ್ಮ ಮನೆಯ ಪಕ್ಷ ವಹಿಸುವಂತಿಲ್ಲ. ತಾಂಡೇಲರ ಮಗ ನಾಡದೋಣಿಯವನಾದ, ನಾಡದೋಣಿಯವಳು ಐಸ್ ಪ್ಲಾಂಟ್ ಮಾಲೀಕಳಾದಳು, ಉಪನ್ಯಾಸಕರ ಮಗ ಮೀನು ಮಾರುವ ಹೆಂಗಸಾಗಿ ಇಡೀ ಸಭೆಯನ್ನು ಬೈದ.

ಮರುದಿನ ತಾಂಡೇಲರು ಶಾಲೆಗೆ ಬಂದರು. “ನನ್ನ ಮಗನ ಬಾಯಲ್ಲಿ ನನ್ನ ಮೇಲೆಯೇ ಹೇಳಿಸಿದಿರಂತೆ ಟೀಚರೇ.” ಕೂರಿಸಿ ಚಾ ಕೊಟ್ಟೆ. ಡೀಸೆಲ್ಲಿಗೆಷ್ಟು, ಐಸಿಗೆಷ್ಟು, ಒಂದು ಸಲ ಹೊರಟರೆ ಬರಿಗೈಯಲ್ಲಿ ಬಂದಾಗ ಎಷ್ಟು ಸಾಲ ಏರುತ್ತದೆ ಎಂದು ಅವರು ಬಿಡಿಸಿ ಹೇಳಿದರು. ಅದನ್ನು ತರಗತಿಯಲ್ಲಿಯೇ ಹೇಳಿ ಎಂದೆ. ಹೇಳಿದರು, ಮಕ್ಕಳ ಪ್ರಶ್ನೆಗಳಿಗೆ ಉತ್ತರ ಕೊಟ್ಟರು, ಕೆಲವಕ್ಕೆ ಕೊಡಲಿಲ್ಲ. ನಾನು ಬರೆದುಕೊಂಡ ಅತ್ಯುತ್ತಮ ಪಾಠ ಟಿಪ್ಪಣಿ ಅವರದ್ದು.

ಇಷ್ಟರ ನಡುವೆ ನಮ್ಮ ಊರಿನಲ್ಲಿ ಎರಡು ಸಂಗತಿ ಒಟ್ಟಿಗೇ ಬಂದವು: ಕರಾವಳಿ ವಲಯ ನಿರ್ವಹಣೆಯ ಕರಡು ನಕ್ಷೆಯ ಬಗ್ಗೆ ಸಾರ್ವಜನಿಕ ಅಹವಾಲು, ಮತ್ತು ತಡೆಗೋಡೆಯನ್ನು ಬಡಗಿಗೆ ಮುಂದುವರಿಸುವ ಪ್ರಸ್ತಾವ. ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯದ ನಿಯಮ) ಅಂದರೆ ಮನೆ ಕಟ್ಟಲು ಬಿಡದ ಕಾನೂನು ಎಂಬಷ್ಟೇ ತಿಳಿವಳಿಕೆ ಊರಿನಲ್ಲಿ. 1991ರಿಂದ ಇರುವ ಈ ವ್ಯವಸ್ಥೆಗೆ 2019ರಲ್ಲಿ ಹೊಸ ಅಧಿಸೂಚನೆ ಬಂದಿದೆ. 2011ರ ಜನಗಣತಿಯಂತೆ ಚದರ ಕಿಲೋಮೀಟರಿಗೆ 2,161ಕ್ಕಿಂತ ಹೆಚ್ಚು ಜನ ಇರುವ ಗ್ರಾಮೀಣ ಭಾಗದಲ್ಲಿ ಉಬ್ಬರದ ಗೆರೆಯಿಂದ 50 ಮೀಟರ್, ಅದಕ್ಕಿಂತ ಕಡಿಮೆ ಇರುವಲ್ಲಿ 200 ಮೀಟರ್ ಕಟ್ಟಡ ನಿಷೇಧದ ವಲಯ. ನಮ್ಮದು ಯಾವುದಕ್ಕೆ ಸೇರುತ್ತದೆ ಎಂಬುದು ಒಂದು ಭಾಗಾಕಾರ, ಎಂಟನೇ ತರಗತಿಯವರು ಮಾಡಿ ತೋರಿಸಿದರು. ಕರಡು ನಕ್ಷೆ 1:4000 ಅಳತೆಯದ್ದು, ಅಂದರೆ ನಕ್ಷೆಯ ಒಂದು ಸೆಂಟಿಮೀಟರಿಗೆ ನೆಲದ 40 ಮೀಟರ್. ಅದರ ಮೇಲೆ ಬೆರಳಿಟ್ಟರೆ ಎರಡು ಮನೆ ಮುಚ್ಚಿಹೋಗುತ್ತದೆ ಎಂದು ಮಕ್ಕಳೇ ಕಂಡುಕೊಂಡರು. ಉಬ್ಬರದ ಗೆರೆ ಎಲ್ಲಿ ಎಳೆದಿದ್ದಾರೆ ಎಂದು ಊರಿನವರು ಜಗಳಾಡುತ್ತಿದ್ದದ್ದು ಎಷ್ಟು ಸಹಜ ಎಂದು ಆಗ ತಿಳಿಯಿತು.

ಸಭೆಗೆ ಹೋಗುವ ಮೊದಲು ನಾವು ಮಾಡಿದ್ದು ಒಂದೇ ಕೆಲಸ: ಮೂರು ಗೆರೆಗಳ ಚಿತ್ರ, ಪ್ರತಿ ಗೆರೆಗೆ ಮಳೆಗಾಲದ್ದೂ ಬೇಸಗೆಯದ್ದೂ ಒಂದರ ಮೇಲೊಂದು, ಎಲ್ಲ ಒಂದೇ ಹಾಳೆಯಲ್ಲಿ. ಕೆಳಗೆ ಕನ್ನಡದಲ್ಲಿ ನಾಲ್ಕು ಸಾಲು. ಮನವಿ ಪತ್ರಗಳ ರಾಶಿಯಲ್ಲಿ ಎರಡನೇ ಪುಟವನ್ನು ಯಾರೂ ತಿರುಗಿಸುವುದಿಲ್ಲ. ಬಡಗಿನ ಗೆರೆಯಲ್ಲಿ ಮಳೆಗಾಲದಲ್ಲಿ ಹೋದ ಮರಳು ಬೇಸಗೆಯಲ್ಲಿ ತಿರುಗಿ ಬರುತ್ತಿತ್ತು. ಗೋಡೆಯ ಎದುರಿನ ತೆಂಕಿನ ಗೆರೆಯಲ್ಲಿ ಅಷ್ಟು ಬರುತ್ತಿರಲಿಲ್ಲ. ಗೋಡೆ ಮುಗಿಯುವ ನಡುವಿನ ಗೆರೆಯಲ್ಲಿ ಕೊರೆತ ಎಲ್ಲಕ್ಕಿಂತ ಜೋರು. ಗೋಡೆಯಿಂದಲೇ ಹೀಗಾಯಿತು ಎಂದು ನಾವು ಬರೆಯಲಿಲ್ಲ. ಮೂರು ಗೆರೆಯಿಂದ ಅಷ್ಟು ದೊಡ್ಡ ಮಾತು ಹೇಳಲಾಗದು. ಕೊರೆತ ಜೋರಿದ್ದಲ್ಲಿಯೇ ಗೋಡೆ ಕಟ್ಟಿದ್ದರೂ ಚಿತ್ರ ಹೀಗೆಯೇ ಕಾಣುತ್ತದೆ. ಊರಿನ ಕೆಲವರಿಗೆ ಇದು ಸಿಟ್ಟು ತಂದಿತು. “ಅಳೆದದ್ದು ನೀವು, ಹೇಳ್ಲಿಕ್ಕೆ ಎಂತ ಹೆದರಿಕೆ ಮಾರಾಯ್ರೆ?” ಎಂದರು. ಹೆದರಿಕೆಯಲ್ಲ. ಅಳತೆ ಹೇಳುವುದಕ್ಕಿಂತ ಒಂದು ಮಾತು ಹೆಚ್ಚು ಹೇಳಿದರೂ ಎದುರಿನವರು ಹಿಡಿಯುವುದು ಆ ಒಂದು ಮಾತನ್ನೇ.

ಸಭೆಯಲ್ಲಿ ಒಂಬತ್ತನೇ ತರಗತಿಯ ಹುಡುಗಿ ಹಾಳೆ ಹಿಡಿದು ನಿಂತಳು. ವೇದಿಕೆಯಲ್ಲಿದ್ದ ಇಂಜಿನಿಯರರು ಮೊದಲು ನಕ್ಕರು, ಆಮೇಲೆ ಹಾಳೆಯನ್ನು ಹತ್ತಿರ ಹಿಡಿದು ನೋಡಿ ಕೇಳಿದ್ದು ಒಂದೇ ಪ್ರಶ್ನೆ: “ನಿಮ್ಮ ಸೊನ್ನೆ ಎಲ್ಲಿದೆ?” ಗುಡಿಯ ಮೆಟ್ಟಿಲು, ಅದು ಸರಾಸರಿ ಸಮುದ್ರ ಮಟ್ಟದಿಂದ ಇಷ್ಟು ಮೇಲೆ, ಮಟ್ಟ ತಂದದ್ದು ಇಂಥ ಸರ್ವೆ ಗುರುತಿನಿಂದ ಎಂದು ಅವಳು ಹೇಳಿದಳು. ಅಲ್ಲಿಂದ ಮಾತಿನ ಧಾಟಿ ಬದಲಾಯಿತು. ಅವಳನ್ನು ‘ಪುಟ್ಟಿ’ ಎಂದು ಕರೆಯುವುದನ್ನು ನಿಲ್ಲಿಸಿ ಮೂರೂ ಗೆರೆಗಳ ಬಗ್ಗೆ ಕೇಳಿದರು.

ಫಲ ಏನಾಯಿತು ಎಂದರೆ, ಗೋಡೆ ಕಟ್ಟುವುದು ನಿಲ್ಲಲಿಲ್ಲ. ಮನೆ ಕಡಲಿಗೆ ಹೋಗುವ ಭಯದಲ್ಲಿರುವವರಿಗೆ ಕಲ್ಲು ಬೇಡ ಎನ್ನುವ ಧೈರ್ಯ ನನಗೂ ಇಲ್ಲ. ಆದರೆ ಗೋಡೆಯಲ್ಲಿ ದೋಣಿ ಎಳೆಯಲು ಒಂದು ದಾರಿ ಬಿಡಬೇಕೆಂದು ಕೈರಂಪಣಿಯವರು ಕೇಳುತ್ತಿದ್ದರು, ಅದು ಎಲ್ಲಿ ಎಂಬ ಜಗಳ ಹಳೆಯದು. ವರ್ಷವಿಡೀ ದಂಡೆ ಅಗಲವಾಗಿ ಉಳಿಯುವ ಜಾಗ ಯಾವುದು ಎಂದು ಬಡಗಿನ ಗೆರೆಯ ಚಿತ್ರದಲ್ಲಿತ್ತು. ದಾರಿ ಅಲ್ಲಿಯೇ ಬಿಟ್ಟರು. ಪಂಚಾಯತ್ ನಿರ್ಣಯದಲ್ಲಿ, ಗೋಡೆ ಆದ ಮೇಲೂ ಅಳತೆ ಮುಂದುವರಿಯಬೇಕು, ಗ್ರಾಮಸಭೆಯಲ್ಲಿ ವರ್ಷಕ್ಕೊಮ್ಮೆ ಅದನ್ನು ಓದಬೇಕು ಎಂದು ಒಂದು ಸಾಲು ಸೇರಿತು. ಕೋಲಿಗೆ ಹೊಸ ಪೈಪಿನ ಖರ್ಚೂ ಅದೇ ಸಾಲಿನಲ್ಲಿ ಬಂತು.

ಬೇರೆ ಶಾಲೆಯವರಿಗೆ ನಾನು ಹೇಳುವುದು, ದೊಡ್ಡ ಸಂಸ್ಥೆಗಳನ್ನು ಕೇಳಲು ಸಂಕೋಚ ಬೇಡ, ಆದರೆ ಉಪನ್ಯಾಸ ಕೇಳಬೇಡಿ. ನಮ್ಮ ಸುತ್ತಮುತ್ತ ಇರುವಷ್ಟು ಸಂಸ್ಥೆಗಳು ಬೇರೆ ಕರಾವಳಿಗಳಿಗೆ ಸಿಗುವುದು ಅಪರೂಪ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಲ್ಲಿ ಶುರುವಾದ ದೇಶದ ಮೊದಲ ಮೀನುಗಾರಿಕಾ ಕಾಲೇಜು. ಸುರತ್ಕಲ್ಲಿನ ಎನ್‌ಐಟಿಕೆಯ ಕ್ಯಾಂಪಸ್ಸು ದಂಡೆಯ ಮೇಲೆಯೇ ಇದೆ, ತೆರೆ ಮತ್ತು ತಡೆಗೋಡೆಯ ಬಗ್ಗೆ ಓದಿಸುವ ವಿಭಾಗ ಅಲ್ಲಿದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯದಲ್ಲಿ ಕಡಲ ಭೂವಿಜ್ಞಾನ ಕಲಿಸುತ್ತಾರೆ. ಇವರನ್ನು ‘ಬಂದು ಮಕ್ಕಳಿಗೆ ಮಾರ್ಗದರ್ಶನ ಮಾಡಿ’ ಎಂದು ಕರೆದರೆ ಪಿಪಿಟಿ ತರುತ್ತಾರೆ. ‘ನಮ್ಮ ಈ ಅಂಕಿಯಲ್ಲಿ ತಪ್ಪು ಎಲ್ಲಿದೆ ನೋಡಿ’ ಎಂದು ಪುಸ್ತಕ ಕಳಿಸಿದರೆ ಕೆಂಪು ಪೆನ್ನು ಹಿಡಿದು ಕೂರುತ್ತಾರೆ. ನಮಗೆ ಸಿಕ್ಕಿದ ಒಳ್ಳೆಯ ಸಲಹೆಗಳೆಲ್ಲ ಹಾಗೆ ಬಂದವು, ಮರಳಿನ ಕಾಳು ಜರಡಿ ಹಿಡಿದು ನೋಡಿ ಎಂಬುದೂ ಸೇರಿ.

ಈ ವರ್ಷ ಹೊಳೆಯ ಆಚೆ ದಡದ ಶಾಲೆಯೊಂದು ಅಳತೆ ಶುರು ಮಾಡಿದೆ. ಅಳಿವೆಯ ಎರಡೂ ಬದಿಯ ಗೆರೆ ಸಿಕ್ಕಿದರೆ ಮರಳು ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತಿದೆ ಎಂಬ ಹಳೆಯ ಪ್ರಶ್ನೆಯನ್ನು ಕೇಳಬಹುದು. ಅವರ ದರ್ಜಿ ಟೇಪಿನಲ್ಲಿ ಇಂಚಿನ ಬದಿ ಮೇಲೆ ಬಂದಿದೆ, ಅವರ ಸೊನ್ನೆ ಇನ್ನೂ ಮೀನು ಒಣಗಿಸುವ ಶೆಡ್ಡಿನ ಕಂಬದಲ್ಲಿದೆ. ಬರುವ ಶನಿವಾರ ಆಟೋ ಲೆವೆಲ್ ದೋಣಿಯಲ್ಲಿ ಆಚೆ ಹೋಗಲಿಕ್ಕಿದೆ. ಕಂಬ ಬೇಡ, ಗಟ್ಟಿ ಮೆಟ್ಟಿಲು ಒಂದು ಹುಡುಕಿಡಿ ಎಂದು ಹೇಳಿ ಕಳಿಸಿದ್ದೇನೆ.